ಪಿಚ್ಚರ್ ಮುಗಿದ ಮೇಲೆ ಉಳಿದವರು

ಹುಬ್ಬಳ್ಳಿ ದಾಟಿ

ನಮ್ಮೂರ ಪಂಚಾಯಿತಿ ಗ್ರಂಥಾಲಯದ ಕಪಾಟಿನಲ್ಲಿ ಪ್ರವಾಸ ಕಥನಗಳದೇ ಒಂದು ಸಾಲಿದೆ. ಅದನ್ನು ನೋಡಿಕೊಳ್ಳುವವಳು ನಾನೇ ಆದ್ದರಿಂದ ಆ ಸಾಲನ್ನೆಲ್ಲ ಓದಿದ್ದೇನೆ. ಅವುಗಳಲ್ಲಿ ಎಲ್ಲರೂ ವಿಮಾನ ಹತ್ತುತ್ತಾರೆ, ಹಿಮ ನೋಡುತ್ತಾರೆ, ಅನ್ನ ಸಿಗದೆ ಪರದಾಡುತ್ತಾರೆ. ನಾನು ಹೋದದ್ದು ಗೋವಾಕ್ಕೆ. ತಾಳಿಕೋಟಿ ಕಡೆಯ ನಮ್ಮ ಊರಿನಿಂದ ಬಸ್ಸು, ರೈಲು ಸೇರಿ ಒಂದು ಹಗಲಿನ ದಾರಿ. ಆದರೆ ನಮ್ಮ ಓಣಿಯಲ್ಲಿ ಯಾರಾದರೂ ಗೋವಾಕ್ಕೆ ದುಡಿಯಲು ಹೋದರೆ 'ಪರದೇಶಕ್ಕ ಹೋದ' ಅನ್ನುವುದೇ ವಾಡಿಕೆ. ಹಾಗಾಗಿ ನನ್ನದೂ ಒಂದು ಪರದೇಶ ಪ್ರಯಾಣವೇ ಎಂದುಕೊಂಡು ಬರೆಯುತ್ತಿದ್ದೇನೆ.

ಹೋದ ಕಾರಣ ನನ್ನ ಅಣ್ಣ ದಸ್ತಗೀರ. ಇಪ್ಪತ್ತು ವರ್ಷ ಗೋವಾದಲ್ಲಿ ಗಾಡಿ ಹೊಡೆದ. ಮೊದಲು ಸಾವರ್ಡೆಯಲ್ಲಿ ಗಣಿಯ ಲಾರಿ, ಆಮೇಲೆ ಕೊರ್ತಾಲಿಮ್‌ನಲ್ಲಿ ಟೆಂಪೋ. ಮೂರು ತಿಂಗಳ ಹಿಂದೆ ಒಂದು ಗುರುವಾರ ಬೆಳಗ್ಗೆ ಟೆಂಪೋ ತೊಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ, ಏಳಲಿಲ್ಲ. ಅಂದೇ ಅಲ್ಲೇ ಮಣ್ಣು ಕೊಟ್ಟರು. ನಾವು ಊರಿಂದ ಹೊರಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತಿಗೆ ಮೊದಲೇ ತೀರಿದ್ದಳು, ಮಕ್ಕಳಿರಲಿಲ್ಲ. ಅವನ ಗೆಳೆಯ ಹಸನಸಾಬ ಎರಡು ಸಲ ಫೋನ್ ಮಾಡಿ, "ಸಾಮಾನು ಅದಾವ ತಂಗಿ, ಬಂದು ಒಯ್ಯಿ" ಅಂದಿದ್ದ.

ಖರೇ ಹೇಳಬೇಕೆಂದರೆ ನಾನು ಸಾಮಾನಿಗಾಗಿ ಹೋಗಲಿಲ್ಲ. ಒಂದು ಸಿನಿಮಾದ ಕೊನೆ ತಿಳಿಯಲು ಹೋದೆ.

ಅಣ್ಣ ಪ್ರತಿ ಭಾನುವಾರ ಸಂಜೆ ಫೋನ್ ಮಾಡುತ್ತಿದ್ದ. ಕುಶಲ ಕೇಳುವುದು ಎರಡು ಮಾತು, ಉಳಿದದ್ದೆಲ್ಲ ಅಂದು ನೋಡಿದ ಇಂಗ್ಲಿಷ್ ಸಿನಿಮಾದ ಕಥೆ. ಅವೆಲ್ಲ ಹಳೆಯವು, ಎಲ್ಲದರಲ್ಲೂ ಜಗತ್ತು ಮುಗಿದುಹೋಗಿರುತ್ತಿತ್ತು. ಒಂದರಲ್ಲಿ ಬಾಂಬು, ಒಂದರಲ್ಲಿ ರೋಗ, ಒಂದರಲ್ಲಿ ಸೂರ್ಯ ತಣ್ಣಗಾದದ್ದು. ಉಳಿದ ನಾಲ್ಕು ಜನ ಹೇಗೆ ಬದುಕಿದರು ಅನ್ನುವುದೇ ಕಥೆ. ಕೊನೆಯದರಲ್ಲಿ ನೀರು ಮುಗಿದಿತ್ತು. ಹಾಳುಬಿದ್ದ ಆಟದ ಮೈದಾನದಲ್ಲಿ ಒಂದೇ ಒಂದು ಕೈಪಂಪಿನ ಬೋರಿಂಗು. ಅದರ ಬಳಿ ಕೊಡ ಹಿಡಿದು ನಿಲ್ಲುವ ಒಬ್ಬ ಹೆಣ್ಣುಮಗಳು. "ಆಕಿಗಿ ನಿನ್ನ ಹೆಸರ ಇಟ್ಟೇನಿ, ರಂಜಾನಬಿ ಅಂತ" ಅಂದಿದ್ದ ಅಣ್ಣ. ಸರದಿ ತಪ್ಪಿಸಿ ಬಂದ ಹೀರೋನನ್ನೇ ಆಕೆ ಬೈದು ಹಿಂದೆ ಕಳಿಸುತ್ತಿದ್ದಳಂತೆ. ಕೊನೆಗೆ ಸಮುದ್ರದ ಕಡೆ ಹೋಗುವ ಬಸ್ಸು ಹಾರ್ನ್ ಹೊಡೆಯುತ್ತದೆ, ಎಲ್ಲರೂ ಹತ್ತುತ್ತಾರೆ, ಆಕೆ ಮಾತ್ರ ಕೊಡ ಹಿಡಿದು ಹಿಂದಕ್ಕೆ ತಿರುಗಿ ನೋಡುತ್ತಾಳೆ.

"ಯಾಕ ತಿರುಗಿದ್ಲು? ಹತ್ತಿದ್ಲೋ ಇಲ್ಲೋ?" ಅಂತ ಕೇಳಿದೆ.

"ನೀನ ಬಂದು ನೋಡವಾ. ಹನ್ನೊಂದು ವರ್ಷ ಆತು ಕರಿಯಾಕ ಹತ್ತಿ."

"ಗ್ರಂಥಾಲಯದ ಕೀಲಿ ನನ್ನ ಹಂತೇಲಿ ಇರ್ತದಣ್ಣ. ಹೆಂಗ ಬರ್ಲಿ?"

"ಹೌದ್ ಬಿಡವಾ, ಕೀಲಿ" ಅಂದು ನಕ್ಕ. ಅದು ಭಾನುವಾರ. ಗುರುವಾರ ಅವನು ಹೋದ.

ಸಾವರ್ಡೆ

ನಾನು ಇಳಿಯಬೇಕಾದದ್ದು ಮಡಗಾಂವ್. ಹಸನಣ್ಣ ಅಲ್ಲಿ ಕಾಯುತ್ತಿದ್ದ. ದೂಧಸಾಗರದ ಹತ್ತಿರ ರೈಲು ನಿಧಾನವಾದಾಗ ಡಬ್ಬಿಯ ಜನವೆಲ್ಲ ಒಂದೇ ಕಿಟಕಿಗೆ ಬಂದು, ನನ್ನ ಮುಖದ ಮುಂದೆ ಹತ್ತು ಕೈ, ಹತ್ತು ಮೊಬೈಲು. ಜಲಪಾತ ನಾನು ನೋಡಿದ್ದು ಬೇರೆಯವರ ಪರದೆಯಲ್ಲಿ. ಆಮೇಲೆ ಸ್ವಲ್ಪ ಜೊಂಪು ಬಂತು. ಕಣ್ಣು ಬಿಟ್ಟಾಗ ಹಳದಿ ಹಲಗೆಯ ಮೇಲೆ 'ಸಾವರ್ಡೆ' ಅಂತ ಕಂಡಿತು. ಚೀಲ ತೆಗೆದುಕೊಂಡು ಇಳಿದುಬಿಟ್ಟೆ.

ರೈಲು ಹೋದ ಮೇಲೆ ತಿಳಿಯಿತು. ಅಣ್ಣ ಸಾವರ್ಡೆ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಆದರೆ ಅದಕ್ಕೂ ಮೊದಲು ನಾನು ಅವನಿಗೆ ಬರೆದ ಕಾಗದಗಳ ಮೇಲೆಲ್ಲ ಇದೇ ಊರು. ಕೈಗೆ ರೂಢಿಯಾದ ವಿಳಾಸ ಕಾಲಿಗೂ ರೂಢಿಯಾಗಿತ್ತೇನೋ. ಫೋನಿನಲ್ಲಿ ಹಸನಣ್ಣ ಬೈಯಲಿಲ್ಲ. "ಅಲ್ಲೇ ಚಾ ಕುಡದು ಮಡಗಾಂವ್ ಬಸ್ ಹತ್ತು. ನಾ ಎಲ್ಲೂ ಹೋಗೂದಿಲ್ಲ" ಅಂದ.

ಹಣ ತೆಗೆಯಲು ಚೀಲಕ್ಕೆ ಕೈ ಹಾಕಿದಾಗ ಇನ್ನೊಂದು ತಪ್ಪು ಸಿಕ್ಕಿತು. ಗ್ರಂಥಾಲಯದ ಕೀಲಿ! ನಾಲ್ಕು ದಿನದ ಮಟ್ಟಿಗೆ ಪಂಚಾಯಿತಿ ಜವಾನನಿಗೆ ಕೊಡಬೇಕಾದದ್ದನ್ನು ರೂಢಿಯಂತೆ ಚೀಲಕ್ಕೆ ಹಾಕಿಕೊಂಡು ಬಂದಿದ್ದೆ.

ನಿಲ್ದಾಣದ ಹೊರಗೆ ಭಜಿ-ಪಾವ್ ಮಾಡುವವರೊಬ್ಬರು ಸಿಂದಗಿ ಕಡೆಯವರು. ನನ್ನ ಮಾತು ಕೇಳಿದ ಕೂಡಲೇ ಕನ್ನಡಕ್ಕೆ ತಿರುಗಿದರು. ಯಾರ ಮನೆಗೆ ಎಂದು ಕೇಳಿದರು. ಹೆಸರು ಹೇಳಿದೆ.

"ಪಿಚ್ಚರ್ ದಸ್ತಗೀರ? ಅವರ ತಂಗೇನ್ರಿ ನೀವು? ಕೂಡ್ರಿ ಮೊದಲ." ಬೆಂಚಿನ ಮೇಲಿನ ಹಿಟ್ಟು ಒರೆಸಿದರು. ಸುದ್ದಿ ಅವರಿಗೆ ಗೊತ್ತಿತ್ತು. ಕೇಳದೇ ಒಂದು ತಟ್ಟೆ ಭಜಿ ನನ್ನ ಮುಂದಿಟ್ಟರು.

ಅಣ್ಣನಿಗೆ ಇಂಥ ಒಂದು ಹೆಸರಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕೇಳಿದೆ, ಹೇಳಿದರು. ಗಣಿಯ ಲಾರಿಗಳು ಮಾಲು ತುಂಬಿಸಿಕೊಳ್ಳಲು ತಾಸುಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಿದ್ದವಂತೆ. ಪಕ್ಕದ ಗ್ಯಾರೇಜಿನಲ್ಲಿ ಒಂದು ಟಿ.ವಿ. ಇತ್ತು. ಯಾರೋ ಪರದೇಶದವನು ಊರಿಗೆ ಹೋಗುವಾಗ ಬಿಟ್ಟುಹೋದ ಒಂದು ಡಬ್ಬಿ ಸಿ.ಡಿ.ಗಳಿದ್ದವು. ಎಲ್ಲ ಇಂಗ್ಲಿಷು, ಎಲ್ಲ ಜಗತ್ತು ಮುಗಿದ ಕಥೆಗಳೇ. ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ದಿನ ಅಣ್ಣ ಎದ್ದು ಟಿ.ವಿ. ಪಕ್ಕ ನಿಂತು ಕನ್ನಡದಲ್ಲಿ ಹೇಳತೊಡಗಿದ.

"ಅಣ್ಣಗ ಅಷ್ಟು ಚಲೋ ಇಂಗ್ಲಿಷ್ ಬರ್ತಿತ್ತೇನ್ರಿ?" ಅಂದೆ.

ಅವರು ಜಾಲರಿ ಕೆಳಗಿಟ್ಟು ನಕ್ಕರು. "ದಸ್ತಗೀರಗ? ಯೆಸ್, ನೋ, ಡೀಸೆಲ್. ಇಷ್ಟ ನೋಡ್ರಿ ಅವರ ಇಂಗ್ಲಿಷು. ಬಾಯಿ ಆಡಿಸೂದು ನೋಡಿ ತಾನ ಮಾತು ಹಚ್ಚತಿದ್ದ."

ಆಮೇಲೆ ಗಣಿ ನಿಂತಿತು. ಲಾರಿಗಳು ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತು ತುಕ್ಕು ಹಿಡಿದವು. "ಊರ ತುಂಬ ಕೆಂಪ ಧೂಳು, ಮಂದಿ ಇಲ್ಲ. ಪಿಚ್ಚರ್‌ನ್ಯಾಗ ತೋರಿಸಿದಂಗ ಇತ್ರಿ. ಆದ್ರ ಪಿಚ್ಚರ್‌ನ್ಯಾಗ ನಮ್ಮಂಥವರು ಒಬ್ಬರೂ ಇದ್ದಿಲ್ಲ. 'ಜಗತ್ತು ಮುಗದ ಮ್ಯಾಲ ಬರೇ ಬಿಳೇ ಮಂದಿ ಉಳಿತಾರೇನೋ, ನಾವೆಲ್ಲ ಎಲ್ಲಿ ಸತ್ವಿ?' ಅಂತ ಯಾರೋ ಕೇಳಿದ್ರು. ಅದಕ್ಕ ದಸ್ತಗೀರ ನಮ್ಮನ್ನ ಒಳಗ ಹಾಕಿದ."

"ಹೆಂಗ?"

"ಹಿಂದ ಗದ್ದಲದಾಗ ನಿಂತಿರ್ತಾರಲ್ರಿ, ಮಾತಿಲ್ಲದವರು. ಒಬ್ಬೊಬ್ಬರಿಗೂ ಒಂದೊಂದು ಹೆಸರು, ಒಂದೊಂದು ಊರು. ನಾ ಒಂದರಾಗ ಅದೇನಿ. ರೊಟ್ಟಿ ಹಂಚಾಂವ." ಅವರ ಮುಖ ನೋಡಿದರೆ ಅದು ಅವರಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಕೊರ್ತಾಲಿಮ್

ಹಸನಣ್ಣನ ಮನೆ ಹೊಸ ಸೇತುವೆಯ ಕೆಳಗಿನ ಓಣಿಯಲ್ಲಿ. ತಲೆಯ ಮೇಲೆ ಬೆಂಗಳೂರು, ಮುಂಬಯಿಯ ಕಾರುಗಳು ಹೋಗುತ್ತವೆ. ಅವು ಸೇತುವೆಯ ಮೇಲೆ ನಿಧಾನವಾಗಿ ನದಿಯ ಚಿತ್ರ ತೆಗೆದುಕೊಳ್ಳುತ್ತವೆ. ಕೆಳಗಿನ ಓಣಿ ಆ ಚಿತ್ರದಲ್ಲಿ ಬರುವುದಿಲ್ಲ. ಓಣಿಯಲ್ಲಿ ಮುದ್ದೇಬಿಹಾಳ, ಸಿಂದಗಿ, ಬಾದಾಮಿ, ರೋಣ. ಒಂದು ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಪಕ್ಕದ ಮನೆಯಲ್ಲಿ ಕೊಂಕಣಿಯಲ್ಲಿ ಮೀನಿನ ಜಗಳ.

ಹಸನಣ್ಣನ ಹೆಂಡತಿ ಜೈತುನಬಿ ನನ್ನನ್ನು ನೋಡಿದವಳೇ ಅಪ್ಪಿಕೊಂಡಳು. "ಆಪಾ, ನಕ್ಕರ ಸೇಮ್ ದಸ್ತಗೀರ ಭಾಯಿ" ಅಂದಳು. ನಾನು ಆಗ ನಕ್ಕಿರಲಿಲ್ಲ.

ಬೆಳಗ್ಗೆ ಹೊರಗೆ ಪೋಂ ಪೋಂ ಅನ್ನುವ ಸದ್ದಿಗೆ ಗಾಬರಿಯಾಗಿ ಎದ್ದೆ. ಯಾವುದೋ ಬಸ್ಸು ಮನೆಗೇ ನುಗ್ಗಿತೆಂದು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋದರೆ, ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ ಕಟ್ಟಿಕೊಂಡ ಪಾವ್ ಮಾರುವವನು, ಕೈಯಲ್ಲಿ ರಬ್ಬರಿನ ಹಾರ್ನು. ನಮ್ಮಲ್ಲಿ ಹಾಲಿನವನು ಹೆಸರು ಹಿಡಿದು ಕೂಗುತ್ತಾನೆ. ಇಲ್ಲಿ ಹಾರ್ನ್ ಒತ್ತಿದರೆ ಸಾಕು, ಎಲ್ಲ ಜಾತಿ, ಎಲ್ಲ ಭಾಷೆಯ ಬಾಗಿಲೂ ತೆರೆಯುತ್ತವೆ. "ಸಂಜಿಗೂ ಬರ್ತಾನ್ರಿ, ಅಂಜಬ್ಯಾಡ್ರಿ" ಅಂದಳು ಜೈತುನ.

ಹಸನಣ್ಣ ಕಬರಸ್ತಾನಕ್ಕೆ ಕರೆದುಕೊಂಡು ಹೋದ. ಹೆಣ್ಣುಮಕ್ಕಳು ಒಳಗೆ ಹೋಗುವುದು ಅಲ್ಲಿಯ ಪದ್ಧತಿಯಲ್ಲ, ನಮ್ಮೂರಲ್ಲೂ ಅಲ್ಲ. ನಾನು ಗೇಟಿನ ಹೊರಗೆ ನಿಂತೆ. ಅವನು ಒಳಗೆ ಹೋಗಿ, ಒಂದು ಗೇರುಮರದ ಪಕ್ಕ ನಿಂತು, ಕೈ ಎತ್ತಿ ತೋರಿಸಿದ, 'ಇದು' ಅಂತ. ಮಣ್ಣು ಇನ್ನೂ ಕೆಂಪಗೆ ಉಬ್ಬಿತ್ತು. ಅಲ್ಲಿಂದಲೇ ಫಾತಿಹಾ ಓದಿದೆ. ದೂರದಿಂದ ಹಸನಣ್ಣ ಸಣ್ಣವನಾಗಿ ಕಾಣುತ್ತಿದ್ದ.

ಅಣ್ಣನ ಸಾಮಾನು ಒಂದು ಟ್ರಂಕು, ಒಂದು ಹಾಸಿಗೆ, ಒಂದು ಬಿಸ್ಕತ್ತಿನ ದೊಡ್ಡ ಡಬ್ಬಿ. ಡಬ್ಬಿಯಲ್ಲಿ ಸಿ.ಡಿ.ಗಳು. ಒಂದಕ್ಕೂ ಹೆಸರಿಲ್ಲ. ಅಣ್ಣ ಪೆನ್ನಿನಿಂದ ತನ್ನ ಗುರುತು ಹಾಕಿದ್ದ: ಒಂದಕ್ಕೆ ಸೂರ್ಯ, ಒಂದಕ್ಕೆ ಇಲಿ, ಒಂದಕ್ಕೆ ಮೂಗಿನ ನತ್ತು. ಕೊಡದ ಗುರುತಿನದು ಇರಲಿಲ್ಲ.

"ನೀರಿನ ಪಿಚ್ಚರೇನ? ಅದು ಮ್ಹಾಪಸಾದ ಲಕ್ಷ್ಮವ್ವನ ಕಡೆ ಅದ" ಅಂದ ಹಸನಣ್ಣ. "ಅವರ ಮಂದಿಗೂ ತೋರಸ್ತೇನಿ ಅಂತ ಒಯ್ದಾಳ. ನಾಳೆ ಶುಕ್ರವಾರ, ಸಂತ್ಯಾಗ ಸಿಗ್ತಾಳ."

ಅಂದು ಮಧ್ಯಾಹ್ನ ಕೆಲಸ ಮುಗಿಸಿ ನಾನೂ ಜೈತುನಳೂ ನತ್ತಿನ ಗುರುತಿನ ಸಿನಿಮಾ ಹಾಕಿಕೊಂಡು ಕೂತೆವು. ಅಣ್ಣನ ಬಾಯಿಂದ ಕೇಳಿದ್ದೇ ಹೊರತು ಇಂಥದೊಂದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಬಹಳ ಕುತೂಹಲದಿಂದಲೇ ನೋಡಿದೆ. ಊರೂರೇ ಸುಟ್ಟುಹೋಗಿವೆ, ಕುಡಿಯಲು ನೀರಿಲ್ಲ, ಆದರೆ ಹೀರೋಯಿನ್ನಿನ ತುಟಿಯ ಬಣ್ಣ ಮಾತ್ರ ಮುಗಿದಿಲ್ಲ. ಆಕೆಗೆ ಕೆಲಸ ಎರಡೇ, ಕಿರುಚುವುದು ಮತ್ತು ಹೀರೋನ ಗಾಯಕ್ಕೆ ಬಟ್ಟೆ ಕಟ್ಟುವುದು. ಒಬ್ಬ ಕಪ್ಪು ಮನುಷ್ಯ ಇದ್ದಾನೆ. ಬಲಶಾಲಿ, ಒಳ್ಳೆಯವನು, ನಗಿಸುತ್ತಾನೆ. ಅರ್ಧ ಕಥೆ ಆಗುವಷ್ಟರಲ್ಲಿ ಹೀರೋನನ್ನು ಉಳಿಸಲು ಸಾಯುತ್ತಾನೆ. ಒಬ್ಬ ಸಣ್ಣ ಕಣ್ಣಿನ ಮುದುಕ ಔಷಧಿ ಕೊಟ್ಟು ಮಾಯವಾಗುತ್ತಾನೆ. ಕೆಟ್ಟ ಜನ ಮಾತ್ರ ತುಂಬ ಇದ್ದಾರೆ. ಅವರು ಮೈಗೆ ಮಣ್ಣು ಬಳಿದುಕೊಂಡು, ಮೂಗು ಚುಚ್ಚಿಸಿಕೊಂಡು, ಡೊಳ್ಳು ಬಡಿಯುತ್ತಾರೆ.

ಜೈತುನ ತನ್ನ ಮೂಗುಬೊಟ್ಟು ಮುಟ್ಟಿಕೊಂಡಳು. "ಇವರ ಲೆಕ್ಕದಾಗ ಕೆಟ್ಟವರು ಅಂದ್ರ ನಾವ ಏನ್ರಿ ಆಪಾ?"

"ಅಣ್ಣ ಇದನ್ನ ಹೆಂಗ ಹೇಳ್ತಿದ್ದ?"

"ಭಾಯಿ ಹೇಳೂದರಾಗ ಅವರು ಕೆಟ್ಟವರಲ್ರಿ. ಅವರ ಜಾತ್ರಿ ನಡೆದಿತ್ತು, ಇವರು ನಡುವ ಗಾಡಿ ತಂದು ಹಾಯಿಸಿದ್ರು, ಜಗಳ ಹತ್ತಿತು ಅಂತಿದ್ರು. ಇವತ್ತು ನೋಡಿದ್ರ ಹಂಗ ಕಾಣ್ಲಿಲ್ಲ. ಅವರ ಬಾಯಾಗ ಬ್ಯಾರೆನ ಪಿಚ್ಚರ್ ಇತ್ತು."

ನಾನು ಆ ಸಿನಿಮಾ ಮಾಡಿದವರ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟಿಗಿಂತ ಅಚ್ಚರಿ ಹೆಚ್ಚಾಗಿತ್ತು. ನಗರ ಮುಳುಗುವುದು, ಸಮುದ್ರ ಆರುವುದು, ಸೂರ್ಯ ಆರುವುದು, ಇದೆಲ್ಲ ಅವರ ಊಹೆಗೆ ಸಿಕ್ಕಿತ್ತು. ಎಲ್ಲ ಮುಗಿದ ಮೇಲೆ ಒಬ್ಬ ಅಡುಗೆಯವಳು ಮುಂದೆ ನಿಂತು ಎರಡು ಮಾತಾಡಬಹುದು ಅನ್ನುವುದು ಮಾತ್ರ ಸಿಕ್ಕಿರಲಿಲ್ಲ. ನಮ್ಮ ಕನ್ನಡ ಸಿನಿಮಾಗಳಲ್ಲಿ ನಮ್ಮವರು ಯಾರಾಗಿ ಬರುತ್ತಾರೆ ಅಂತಲೂ ನೆನೆದುಕೊಂಡೆ. ಟೋಪಿ ಹಾಕಿದ ಒಬ್ಬ ಚಾಚಾ, ಒಳ್ಳೆಯವನು, ಮಧ್ಯಂತರದೊಳಗೆ ಸಾಯುವವನು. ಜೈತುನಳಿಗೆ ಹೇಳಿದೆ. ಇಬ್ಬರೂ ಬಿದ್ದುಬಿದ್ದು ನಕ್ಕೆವು.

ಮ್ಹಾಪಸಾ

ಶುಕ್ರವಾರದ ಸಂತೆ ನಮ್ಮ ತಾಳಿಕೋಟಿ ಸಂತೆಯ ಹಾಗೆಯೇ ಇದೆ. ಒಣಮೀನು ಮತ್ತು ಕ್ಯಾಮೆರಾ ಎರಡನ್ನು ತೆಗೆದರೆ ನಾನು ದಾರಿ ಕೇಳದೇ ಓಡಾಡಬಲ್ಲೆ. ಸಾಲಾಗಿ ಕಟ್ಟಿದ ಹಂದಿಮಾಂಸದ ಖಾರದ ಸಾಸೇಜುಗಳನ್ನು ಕೆಂಪು ಹೂಮಾಲೆ ಅಂದುಕೊಂಡು ಬೆಲೆ ಕೇಳಲು ಹೋದಾಗ ಹಸನಣ್ಣ ನನ್ನ ತೋಳು ಹಿಡಿದು ಎಳೆದುಕೊಂಡ. "ತಂಗೀ, ಅದು ನಮ್ಮದಲ್ಲ" ಅಂದ, ಮೆಲ್ಲಗೆ.

ಮಸಾಲೆ ಅಂಗಡಿಯೊಂದರ ಮುಂದೆ ಅರಿಶಿನದ ರಾಶಿ ನೋಡುತ್ತ ನಿಂತಿದ್ದೆ. ಬಿಳಿಯ ಗಂಡಹೆಂಡಿರಿಬ್ಬರು ಚಿತ್ರ ತೆಗೆಯುತ್ತಿದ್ದರು. ಆಕೆ ನನ್ನನ್ನು ನೋಡಿ, ತುಂಬ ಸಭ್ಯವಾಗಿ ನಕ್ಕು, ಸ್ವಲ್ಪ ಆಚೆ ಸರಿಯಿರಿ ಅಂತ ಕೈಸನ್ನೆ ಮಾಡಿದಳು. ಸರಿದೆ. ಚಿತ್ರ ತೆಗೆದು, ಕೈ ಮುಗಿದು, ಹೋದರು. ಒಳ್ಳೆಯ ಜನ. ಅವರ ಮನೆಯಲ್ಲಿ ಆ ಅರಿಶಿನ ಈಗ ಗೋಡೆಯ ಮೇಲಿರಬಹುದು.

ಲಕ್ಷ್ಮವ್ವ ಗದಗ ಕಡೆಯ ಲಂಬಾಣಿ ಹೆಂಗಸು, ಅರವತ್ತು ದಾಟಿದವಳು. ಬೀಚಿನಲ್ಲಿ ಮಣಿಸರ, ಕಸೂತಿ ಚೀಲ ಮಾರುತ್ತಾಳೆ, ಶುಕ್ರವಾರ ಇಲ್ಲಿ ಕೂರುತ್ತಾಳೆ. ನಾನು ಯಾರೆಂದು ಹಸನಣ್ಣ ಹೇಳಿದ. ಆಕೆ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು.

"ಬಂದಿಯೇನವಾ? ಈಗ ಬಂದಿ?"

ಆಕೆಯೇ ಸರಿದು ಗೋಣಿಚೀಲದ ಮೇಲೆ ಜಾಗ ಮಾಡಿದಳು. "ಕೂಡು. ಸಿಟ್ಟಾಗಬ್ಯಾಡ. ನಿಮ್ಮಣ್ಣ ಪ್ರತಿ ಪಿಚ್ಚರಿಗೂ 'ಮುಂದಿನ ತಿಂಗಳ ನಮ್ಮ ತಂಗಿ ಬರ್ತಾಳ' ಅಂತಿದ್ದ. ನಾವು ನಗತಿದ್ವಿ. ಅವಗ ತಂಗೀನ ಇಲ್ಲ, ಇದೂ ಕಟ್ಟಿ ಹೇಳೂದ ಅಂತ."

ನಾನು ಕಣ್ಣು ಒರೆಸಿಕೊಳ್ಳುವುದನ್ನು ನೋಡಿ ಆಕೆ ಮಾತು ಬದಲಿಸಿದಳು. "ಹಂಗಂತ ಅಂವ ಏನ್ ದೇವರಲ್ಲ ಮತ್ತ! ಮೊದಮೊದಲ ಏನ್ ಮಾಡ್ತಿದ್ದ ಗೊತ್ತದೇನ? ಗಂಡಸರಿಗೆಲ್ಲ ಲಾರಿ, ಬಂದೂಕು. ಹೆಣ್ಣಮಕ್ಕಳಿಗಿ ಬರೇ ನೀರು ಸೇದೂದು. ನಾ ಎದ್ದು ನಿಂತು ಅಂದೆ, 'ಏ ದಸ್ತಗೀರ್ಯಾ, ಜಗತ್ತ ಮುಳಗಿದ್ರೂ ನಮಗ ನೀರು ಹೊರೂದು ತಪ್ಪೂದಿಲ್ಲೇನೋ?' ಮುಂದಿನ ವಾರ ಒಬ್ಬಾಕಿ ಮುದುಕಿ ಟ್ರಕ್ಕ ಹೊಡದ್ಲು."

"ಪಿಚ್ಚರ್‌ನ್ಯಾಗ?"

"ಪಿಚ್ಚರ್‌ನ್ಯಾಗ ಎಲ್ಲಿದು? ಆಕಿ ಟ್ರಕ್ಕಿನ ಹಿಂದ ಮಲಗಿದ್ಲು. 'ಈಗ ಸಾಕಾಗಿ ಮಲಗ್ಯಾಳ, ರಾತ್ರಿಯೆಲ್ಲ ಆಕೀನ ಹೊಡದಾಳ' ಅಂದ." ಲಕ್ಷ್ಮವ್ವ ಕನ್ನಡಿ ಕೂಡಿಸಿದ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು.

ಕೊಡದ ಗುರುತಿನ ಸಿ.ಡಿ. ಆಕೆಯ ಮಣಿಗಳ ಪೆಟ್ಟಿಗೆಯ ತಳದಲ್ಲಿತ್ತು. ತೆಗೆದುಕೊಡುವ ಮುಂಚೆ ಕೇಳಿದೆ, "ಅದರಾಗ ಕೊಡ ಹಿಡದಾಕಿ ಏನಾಕ್ಕಾಳ್ರಿ ಕಡಿಗಿ?"

"ನನ್ನ ಕೇಳ್ತಿ? ನನಗ ಹೆಂಗ ಗೊತ್ತಿರ್ತದ?" ಅಂದು ನನ್ನ ಮುಖ ವಿಚಿತ್ರವಾಗಿ ನೋಡಿದಳು. "ಹಸನ್ಯಾ ಹೇಳಿಲ್ಲೇನ? ಇರ್ಲಿ. ಐತ್ವಾರ ಪಿಚ್ಚರ್ ಹಾಕ್ರಿ, ಬರ್ತೇನಿ ನಾನೂ."

ಶನಿವಾರ, ಒಂದು ಫೋನು

ನಮ್ಮ ಪಂಚಾಯಿತಿ ಅಧ್ಯಕ್ಷರ ಫೋನು ಬಂತು. ನಾನು ಮೂರು ದಿನದಿಂದ ಅದಕ್ಕೇ ಹೆದರುತ್ತಿದ್ದೆ. ಪೇಪರ್ ಓದುವ ಹಿರಿಯರು ಕಟ್ಟೆಯ ಮೇಲೆ ಕೂತು ನನ್ನನ್ನು ಬೈಯುತ್ತಿರುತ್ತಾರೆ, ಕೀಲಿ ಇಲ್ಲಿದೆ, ಏನು ಮಾಡಲಿ ಅಂತ.

"ತಪ್ಪಾತ್ರಿ ಸರ, ಕೀಲಿ ನನ್ನ ಹಂತೇಲಿನ..." ಅಂತ ಶುರು ಮಾಡಿದೆ.

"ಏ, ಅದಕ್ಕ ಫೋನ್ ಮಾಡಿಲ್ಲವಾ. ಬೀಗ ಗುರುವಾರನ ಒಡದ್ವಿ. ಎರಡ ನಿಮಿಷದ ಕೆಲಸ. ಹೊಸಾದು ಹಾಕೇವಿ. ನೀ ಅಲ್ಲಿ ಸಮಾಧಾನ ಇರು, ಗಡಬಡಿ ಮಾಡಬ್ಯಾಡ ಅಂತ ಹೇಳಾಕ ಮಾಡೇನಿ."

ಒಳ್ಳೆಯ ಮನುಷ್ಯರು. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ಆಮೇಲೆ ನದಿಯ ದಂಡೆಯ ತನಕ ನಡೆದುಹೋದೆ. ಹಳೆಯ ಸೇತುವೆ, ಹೊಸ ಸೇತುವೆ ಎರಡೂ ನೀರಲ್ಲಿ ಕಾಣುತ್ತಿದ್ದವು. ಅದಿರು ಸಾಗಿಸುವ ಒಂದು ಬಾರ್ಜು ಖಾಲಿ ಹೋಗುತ್ತಿತ್ತು. ಎರಡು ನಿಮಿಷದ ಕೆಲಸ. ಹನ್ನೊಂದು ವರ್ಷ ನಾನು ಆ ಬೀಗವನ್ನು ಅಣ್ಣನಿಗೆ ತೋರಿಸಿದ್ದೆ. ಅವನು ಒಂದು ಸಲವೂ 'ಬೀಗ ಒಡಿ' ಅನ್ನಲಿಲ್ಲ.

ಕತ್ತಲಾಗುವ ಮೊದಲು ಜೈತುನ ಹುಡುಕಿಕೊಂಡು ಬಂದಳು. ಪಕ್ಕದಲ್ಲಿ ಕೂತು, ತಂದಿದ್ದ ಶೇಂಗಾ ಅರ್ಧ ನನ್ನ ಕೈಗೆ ಹಾಕಿದಳು.

ಭಾನುವಾರ

ಮಧ್ಯಾಹ್ನದ ಊಟವಾದ ಮೇಲೆ ಜನ ಬರತೊಡಗಿದರು. ಹಸನಣ್ಣನ ಮನೆಯ ಪಡಸಾಲೆ ಮತ್ತು ಅಂಗಳ ತುಂಬಿತು. ಅಣ್ಣ ಹೋದ ಮೇಲೆ ಇದೇ ಮೊದಲ ಪಿಚ್ಚರ್ ಅಂತೆ. ಟಿ.ವಿ.ಯ ಪಕ್ಕ ಒಂದು ಮರದ ಸ್ಟೂಲು ಇತ್ತು. ಅದರ ಮೇಲೆ ಯಾರೂ ಕೂರಲಿಲ್ಲ. ಲಕ್ಷ್ಮವ್ವ ತನ್ನ ಕಡೆಯ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಬಂದು ಎಲ್ಲರಿಗಿಂತ ಮುಂದೆ ಕೂತಳು.

ಈ ಸಲ ಕಥೆ ಹೇಳುವವರಿಲ್ಲ. ಇಂಗ್ಲಿಷ್ ತನ್ನ ಪಾಡಿಗೆ ನಡೆಯಿತು. ಜನ ಮಾತ್ರ ಸುಮ್ಮನಿರಲಿಲ್ಲ.

"ಬಂದಾ ನೋಡ್ರಿ ಬಸಪ್ಪ!" ಕಪ್ಪು ಡ್ರೈವರ್ ಕಂಡ ಕೂಡಲೇ ಯಾರೋ ಅಂದರು.

"ಏ ಬಸಪ್ಪ, ಮುಂದ ಹೋಗಬ್ಯಾಡೋ, ಗುಂಡು ಹಾರಸ್ತಾರ!"

ಬಸಪ್ಪನಿಗೆ ಗುಂಡು ತಾಗಿತು. ಬಿದ್ದ. ಹೀರೋ ಅವನ ಕಣ್ಣು ಮುಚ್ಚಿಸಿದ. "ಸತ್ತಿಲ್ಲ, ಎಚ್ಚರ ತಪ್ಪೇದ" ಅಂದಳು ಲಕ್ಷ್ಮವ್ವ ಖಡಾಖಂಡಿತವಾಗಿ, ಎಲ್ಲರೂ "ಹೌದ್ರಿ, ಹೌದು" ಅಂದರು.

ನಾನು ಅವಳಿಗಾಗಿ ಕಾಯುತ್ತಿದ್ದೆ. ಬಂದಳು. ಗೋದಿ ಬಣ್ಣ, ತಲೆಗೆ ಒಂದು ಬಟ್ಟೆ, ಸೆರಗು ಹೊದ್ದ ಹಾಗೆ. ಹೀರೋನ ಭುಜದ ಹಿಂದೆ ಬೋರಿಂಗು ಒತ್ತುತ್ತಿದ್ದಳು. ಮೂರು ಉಸಿರಿನಷ್ಟು ಹೊತ್ತು. ಬೋರಿಂಗಿನ ಹಿಡಿಗೆ ಒಂದು ಸರಪಳಿ ಇತ್ತು. ಎರಡನೆಯ ಸಲ ಒಂದು ಕೈ, ಒಂದು ಬಟ್ಟಲು. ಬಟ್ಟಲು ಹೀರೋನಿಗೆ. ಅವನು ಕುಡಿದ, ಅವಳ ಮುಖ ನೋಡಲಿಲ್ಲ, ಕ್ಯಾಮೆರಾವೂ ನೋಡಲಿಲ್ಲ. ಮಾತಿಲ್ಲ. ಬೈಗುಳವಿಲ್ಲ. ಸರದಿಯ ಜಗಳ ಸಿನಿಮಾದಲ್ಲಿ ಇರಲೇ ಇಲ್ಲ. ಅಣ್ಣ ಫೋನಿನಲ್ಲಿ ಹೇಳಿದ ರಂಜಾನಬಿ ಇಷ್ಟೇ.

ಕೊನೆಗೆ ಬಸ್ಸು. ಜನ ಹತ್ತುತ್ತಾರೆ. ಮೂಲೆಯಲ್ಲಿ ಅವಳು, ಕೊಡ ಹಿಡಿದು, ತಿರುಗಿ ಚಿತ್ರದ ಹೊರಗೆ ಯಾವುದನ್ನೋ ನೋಡುತ್ತಾಳೆ. ಬಸ್ಸು ಹೊರಡುತ್ತದೆ. ಕಿಟಕಿಯಲ್ಲಿ ಮುಖಗಳು ಬರುತ್ತವೆ. ಒಂದೊಂದನ್ನೂ ನೋಡಿದೆ, ಅವಳಿರಲಿಲ್ಲ. ಸಮುದ್ರ, ಸಂಗೀತ, ಹೀರೋ, ಹೀರೋಯಿನ್ನು. ಮುಗಿಯಿತು.

ಇದನ್ನು ನೋಡಲು ಇಷ್ಟು ದೂರ ಬಂದಿದ್ದೆ.

ಆದರೆ ಯಾರೂ ಏಳಲಿಲ್ಲ. ಜೈತುನ ಚಹಾ ತಂದಳು. ಹಸನಣ್ಣ ಗಂಟಲು ಸರಿಮಾಡಿಕೊಂಡು ನನಗೆ ಹೇಳಿದ, "ತಂಗಿ, ನಿಮ್ಮಣ್ಣಂದು ಒಂದು ಪದ್ಧತಿ ಇತ್ತು. ಪಿಚ್ಚರ್ ಮುಗದ ಮ್ಯಾಲ 'ಉಳದವರ ಸುದ್ದಿ ಹೇಳ್ರಿ' ಅಂತಿದ್ದ. ಹೀರೋ ಹೋದ. ಹಿಂದ ನಿಂತವರು ಏನಾದ್ರು? ಅದು ಅಂವ ಹೇಳ್ತಿದ್ದಿಲ್ಲ. ನಾವ ಹೇಳಬೇಕು. ಒಬ್ಬೊಬ್ಬರ ಪಾಲಿಗೆ ಒಬ್ಬೊಬ್ಬರು."

"ಬಸಪ್ಪ ನನ್ನ ಪಾಲು" ಅಂದ ಹಿಂದಿನಿಂದ ಒಬ್ಬ ಗೌಂಡಿ. "ಅಂವ ಎದ್ದು, ಗಾಯಕ್ಕ ಅರಿಶಿಣ ಹಚ್ಕೊಂಡು, ಈಗ ವಾಸ್ಕೋದಾಗ ಸ್ವಂತ ಗಾಡಿ ತಗೊಂಡಾನ."

"ಕೊಡದಾಕೀದು?" ಅಂದೆ.

"ಆಕೀನ್ನ ಯಾರಿಗೂ ಕೊಟ್ಟಿಲ್ಲ" ಅಂದಳು ಲಕ್ಷ್ಮವ್ವ. "ನಾ ಬೇಡಿದೆ, ಕೊಡ್ಲಿಲ್ಲ. 'ಅದು ನಮ್ಮ ತಂಗಿ ಪಾಲು. ಆಕಿ ಬಂದು ಹೇಳ್ತಾಳ' ಅಂದ. ಹೇಳು ಈಗ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಗ್ರಂಥಾಲಯದವಳು, ಬೇರೆಯವರು ಬರೆದದ್ದನ್ನು ಓದಿಕೊಂಡು ಬಂದವಳು. ಹತ್ತು ಜನರ ಮುಂದೆ ಮಾತಾಡಿದವಳಲ್ಲ. ಆಗ ಹೊರಗೆ ಓಣಿಯಲ್ಲಿ ಪೋಂ ಪೋಂ ಅಂತ ಪಾವಿನವನ ಹಾರ್ನು ಆಯಿತು.

"ನೋಡ್ರಿ, ಬಸ್ ಹೊಂಟ್ತು, ಲಗೂ ಹೇಳ್ರಿ!" ಅಂದ ಗೌಂಡಿ. ನಗು ಎದ್ದಿತು. ಆ ನಗುವಿನಲ್ಲೇ ನನಗೆ ಬಾಯಿ ಬಂತು.

"ಆಕಿ ಬಸ್ ಹತ್ತಲಿಲ್ಲ" ಅಂದೆ. "ಬೋರಿಂಗಿಗೆ ಸರಪಳಿ ಇತ್ತಲ್ಲ, ಅದರ ಕೀಲಿ ಆಕಿ ಹಂತೇಲಿ ಇತ್ತು. ಅದಕ್ಕ ತಿರುಗಿ ನೋಡಿದ್ಲು. ನಾ ಹೋದ್ರ ಉಳದವರಿಗೆ ನೀರು ಯಾರು ಕೊಡ್ತಾರ ಅಂತ. ಸಮುದ್ರದ ಕಡೆ ಆಕಿ ಅಣ್ಣ ಇದ್ದ, ಕರಿಯಾಕತ್ತಿದ್ದ. ಮುಂದಿನ ಬಸ್ಸಿಗಿ ಬರ್ತೇನಿ, ಮುಂದಿನ ಬಸ್ಸಿಗಿ ಬರ್ತೇನಿ ಅಂದ್ಲು. ಹನ್ನೊಂದು ಬಸ್ ಹೋದ್ವು."

ಜೈತುನ ಚಹಾದ ತಟ್ಟೆ ಹಿಡಿದು ನಿಂತೇ ಇದ್ದಳು.

"ಕಡಿಗಿ ಒಂದಿನ ಹತ್ತಿದ್ಲು. ಗಡಬಡಿಯೊಳಗ ಕೀಲಿ ಚೀಲದಾಗ ಹಾಕ್ಕೊಂಡ ಹತ್ತಿದ್ಲು. ಇಳಿಯೂ ಊರು ತಪ್ಪಿಸಿ ಬ್ಯಾರೆ ಊರಾಗ ಇಳದ್ಲು. ಹೆಂಗೋ ಸಮುದ್ರ ಮುಟ್ಟಿದ್ಲು."

"ಅಣ್ಣ ಸಿಕ್ಕನೇನ್ರಿ?" ಜೈತುನ ಕೇಳಿದಳು. ಎಲ್ಲ ಗೊತ್ತಿದ್ದೂ ಕೇಳಿದಳು, ಕಥೆಯನ್ನು ಕೇಳುವ ಹಾಗೆ.

"ಇಲ್ಲ. ಅವನ ಮಂದಿ ಸಿಕ್ಕರು."

ಹಸನಣ್ಣ ಮುಖ ಆಚೆ ತಿರುಗಿಸಿದ. ಲಕ್ಷ್ಮವ್ವ ಮಾತ್ರ ಬಿಡಲಿಲ್ಲ. ಮೂಗು ಒರೆಸಿಕೊಂಡು, ಮೊದಲಿನ ಗಡಸು ದನಿಯಲ್ಲೇ ಕೇಳಿದಳು. "ಅದೆಲ್ಲ ಖರೇ. ಕೀಲಿ ಈಕಿ ಒಯ್ದಳಲ್ಲ, ಅಲ್ಲಿ ಉಳದವರು ನೀರು ಹೆಂಗ ಕುಡದ್ರು?"

"ಬೀಗ ಒಡದು ಕುಡದ್ರು" ಅಂದೆ. "ಎರಡ ನಿಮಿಷದ ಕೆಲಸ."

ಪಡಸಾಲೆಯೆಲ್ಲ ಹೋ ಎಂದು ನಕ್ಕಿತು. ನಾನೂ ನಕ್ಕೆ. ಜೈತುನ ಚಹಾದ ತಟ್ಟೆಯನ್ನು ಆ ಖಾಲಿ ಸ್ಟೂಲಿನ ಮೇಲೆ ಇಟ್ಟು, "ನೋಡ್ರಿ, ನಾ ಹೇಳಿದ್ದಿಲ್ಲೇನು, ಸೇಮ್ ಭಾಯಿ" ಅಂದಳು.